ರಂಜಿನಿಯ ಮೂರು ಕಿವಿಯ ಡಬ್ಬಿ

"ನನ್ ಡಬ್ಬಿ ಕೇಳಿಸ್ಕಳದು ಆನೇನ ಮಾತ್ರ. ಮಿಕ್ಕಿದ್ ಸದ್ದೆಲ್ಲ ಬಾಗ್ಲಲ್ಲೇ ಕಾಲ್ಗೆ ಬುದ್ಧಿ ಹೇಳ್ತವೆ!"

ಮದ್ದೂರು ವಲಯದ ಅರಣ್ಯ ಕಚೇರಿ ಮುಂದೆ ರಂಜಿನಿ ಹೀಗೆ ಕೊಚ್ಚಿಕೊಂಡಾಗ, ಮರದ ಮೇಲಿನ ಕೋತಿಗಳೂ ಪರಸ್ಪರ ಹೇನು ಹೆಕ್ಕುವುದನ್ನು ನಿಲ್ಲಿಸಿ ತಿರುಗಿ ನೋಡಿದವು.

ರಂಜಿನಿ ಗುಂಡ್ಲುಪೇಟೆಯವಳು. ಹಗಲು ಚಾಮರಾಜನಗರದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ. ಸಂಜೆ ಅರಿಸಿನದ ಮಂಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ರೇಡಿಯೋ ಆಂಪ್ಲಿಫೈಯರ್ ಕಟ್ಟುವ ಚಟ. ಆ ಕೋಣೆಯಲ್ಲಿ ಒಂದು ವಾರ ಕೂತರೆ ಮದುವೆ ಹೆಣ್ಣಿಗೆ ಬೇರೆ ಅರಿಸಿನ ಶಾಸ್ತ್ರ ಬೇಕಿಲ್ಲ. ಅವಳ ತಂತಿ ಹಳದಿ, ಇಕ್ಕಳ ಹಳದಿ, ಸೀನಿದರೆ ಎದುರಿನ ಗೋಡೆಯೂ ಹಳದಿ.

ಗಾಳಿಯಲ್ಲಿ ಸೊರಗಿ ಬರುವ ಸಂಕೇತಕ್ಕೆ ರಾಗಿಮುದ್ದೆ ಉಣ್ಣಿಸಿ ದಪ್ಪ ಮಾಡುವುದು ಆಂಪ್ಲಿಫೈಯರಿನ ಕೆಲಸ. ಆದರೆ ಅದಕ್ಕೇ ಗೊರಕೆಯ ಕಾಯಿಲೆ; ಒಳಗೊಳಗೇ ಸುಸ್ ಎನ್ನುತ್ತಿರುತ್ತದೆ. ಗೊರಕೆ ಹೊಡೆಯುವವನಿಗೆ ಪಿಸುಮಾತು ಕೇಳಿಸೀತೇ? ಆ ಗೊರಕೆ ಇಳಿಸುವುದು ಒಂದು ಹಟ. ಆನೆ ಎಲ್ಲಿದೆ ಎಂದು ಸಾರುವ ರೇಡಿಯೋ ಕೊರಳಪಟ್ಟಿಗೊಂದು, ಇಲಾಖೆಯ ವೈರ್‌ಲೆಸ್ಸಿಗೊಂದು, ಉಪಗ್ರಹಕ್ಕೊಂದು ಎಂದು ಮೂರು ತರಂಗದ ಬ್ಯಾಂಡಿಗೆ ಮೂರು ಪೆಟ್ಟಿಗೆ ಹೊರುವ ಬದಲು ಎಲ್ಲವನ್ನೂ ಬೆಂಕಿಪೊಟ್ಟಣದಷ್ಟು ಡಬ್ಬಿಯೊಳಗೆ ತುರುಕುವುದು ಇನ್ನೊಂದು ಹಟ. ಇಕ್ಕಟ್ಟಿನಲ್ಲಿ ತಾನು ಆಡಿದ್ದು ತನ್ನ ಕಿವಿಗೇ ಬಿದ್ದು ಡಬ್ಬಿ ಊಳಿಡುತ್ತಿತ್ತು. ಒಂದು ಸಲ ಆ ಊಳಿಗೆ ಬೀದಿನಾಯಿಗಳೆಲ್ಲ ಮಂಡಿ ಮುಂದೆ ಸಭೆ ಸೇರಿದ್ದವಂತೆ. ಕೊನೆಗೆ ಕಡಲೆಕಾಯಿ ಎಣ್ಣೆ ಡಬ್ಬದ ತಗಡು ಕತ್ತರಿಸಿ ಬಾಯಿಗೂ ಕಿವಿಗೂ ನಡುವೆ ಗೋಡೆ ಎಬ್ಬಿಸಿದ ಮೇಲೆ ಅದು ತೆಪ್ಪಗಾಯಿತು.

ಈಗ ಪರೀಕ್ಷೆ. ಕಾಡಿನವರು ಮರಿತಾಯಮ್ಮ ಎಂದು ಕರೆಯುವ ಹೆಣ್ಣಾನೆಯ ಕೊರಳಪಟ್ಟಿ ಉಪಗ್ರಹಕ್ಕೆ ಸುದ್ದಿ ಕಳಿಸುವುದನ್ನು ಬಿಟ್ಟಿತ್ತು. ಉಳಿದಿದ್ದು ಬಡಕಲು ಟಿಕ್ ಟಿಕ್ ಒಂದೇ.

ವಲಯಾಧಿಕಾರಿ ಸುಧಾಕರ್ ಖಡಾಖಂಡಿತವಾಗಿ ಹೇಳಿದರು: "ನೋಡಿ ಮೇಡಂ, ಊಟದ ಹೊತ್ತಿಗೆ ಮರಿತಾಯಮ್ಮನ್ನ ತೋರಿಸಿದ್ರೆ ಡಬ್ಬಿ ನಮ್ಮ ಜೀಪಿಗೆ. ಇಲ್ಲಾಂದ್ರೆ ನಮ್ಮ ಹಳೇ ಪೆಟ್ಟಿಗೆಗಳೇ ಸಾಕು, ನೀವಿನ್ನು ಇತ್ತ ಬರೋದು ಬೇಡ."

ಕಾವಲುಗಾರ ಗೋವಿಂದಯ್ಯ ಡಬ್ಬಿಗೆ ಸೇರಿಸಿದ ಮೀನಿನ ಮುಳ್ಳಿನಂಥ ಆಂಟೆನಾ ಎತ್ತಿ ಸುತ್ತ ತಿರುಗಿಸಿದ. ಟಿಕ್... ಟಿಕ್...

"ಸಿಕ್ಬುಟ್ಲು ಕಣವ್ವ!" ಎಂದ.

ಹೊರಟಿತು ದಂಡು. ಕಾಡಂಚಿನಲ್ಲಿ ಜೀಪು ಬಿಟ್ಟು, ಲಂಟಾನ ಪೊದೆಗಳಲ್ಲಿ ಬಗ್ಗಿ, ತೆವಳಿ, ಉಸಿರನ್ನೂ ಸಾಲ ಕೇಳಿದಂತೆ ಮೆಲ್ಲಗೆ ಎಳೆದುಕೊಂಡು ನಡೆದರು. ಟಿಕ್ ಟಿಕ್ ಜೋರಾಗುತ್ತಾ ಬಂತು. ಸುಧಾಕರ್ ಬೂಟು ಕಳಚಿ ಕೈಯಲ್ಲಿ ಹಿಡಿದರು. ಕೊನೆಯ ಪೊದೆ ಸರಿಸಿದರೆ, ಎದುರಿಗೆ ದೊಡ್ಡಬೀರಯ್ಯನ ಅರಿಸಿನದ ಹೊಲ. ಆನೆ ಬರದಂತೆ ಅವನು ಹಾಕಿದ್ದ ಸೋಲಾರ್ ಬೇಲಿಯ ಪೆಟ್ಟಿಗೆ ಕಂಬಕ್ಕೆ ನೇತುಬಿದ್ದು, ತಂತಿಗೆ ಶಾಕ್ ಬಿಡುತ್ತಾ ಟಿಕ್ ಟಿಕ್ ಎನ್ನುತ್ತಿತ್ತು.

ಎಲೆಅಡಿಕೆ ಜಗಿಯುತ್ತಿದ್ದ ದೊಡ್ಡಬೀರಯ್ಯ ಬೂಟು ಹಿಡಿದ ಅಧಿಕಾರಿಯನ್ನೂ ಪೆಟ್ಟಿಗೆಯನ್ನೂ ನೋಡಿದ. "ಏನ್ಲಾ ಗೋವಿಂದ, ನನ್ ಬೇಲಿಗೆ ಸೊಂಡ್ಲು ಬಂದದಾ? ಆನೆ ಇರ್ಲಿ, ಆನೆ ನೆಳ್ಳೂ ಇದ್ನ ದಾಟಿ ಬರಾಕಿಲ್ಲ ಕಣ್ಲಾ!"

ರಂಜಿನಿಯ ಮುಖ ಮಂಡಿಯ ಅರಿಸಿನಕ್ಕಿಂತ ಹಳದಿಯಾಯಿತು. ಸುಧಾಕರ್ ಬೂಟು ಮೆಟ್ಟಿ ದಾರ ಕಟ್ಟತೊಡಗಿದರು. ಆ ದಾರ ಕಟ್ಟಿ ಮುಗಿದರೆ ತನ್ನ ಕಥೆಯೂ ಮುಗಿದಂತೆ ಎಂದು ಅವಳಿಗೆ ಗೊತ್ತು.

"ಒಂದ್ನಿಮಿಷ ಸರ್."

ಡಬ್ಬಿಯ ಗುಂಡಿಯನ್ನು ವೈರ್‌ಲೆಸ್ ಬ್ಯಾಂಡಿಗೆ ತಿರುಗಿಸಿದಳು. ಟಿಕ್. ಉಪಗ್ರಹದ ಬ್ಯಾಂಡಿಗೆ ತಿರುಗಿಸಿದಳು. ಸಣ್ಣಗಾದರೂ ಟಿಕ್. ಅವಳ ತಲೆಯಲ್ಲಿ ದೀಪ ಹತ್ತಿತು. ಬೇಲಿಯ ಕಿಡಿ ಸಂತೆಯಲ್ಲಿ ಕೂಗುವವನ ಹಾಗೆ, ಎಲ್ಲ ಬ್ಯಾಂಡಿನಲ್ಲೂ ಬಾಯಿ ಹಾಕುತ್ತದೆ. ಕೊರಳಪಟ್ಟಿ ಹಾಗಲ್ಲ, ತನ್ನ ಬ್ಯಾಂಡು ಬಿಟ್ಟು ಆಚೆ ಉಸಿರೆತ್ತದು.

ಮತ್ತೆ ಕೊರಳಪಟ್ಟಿಯ ಬ್ಯಾಂಡಿಗೆ ಬಂದು, ಕಣ್ಣು ಮುಚ್ಚಿ ಕೇಳಿದಳು. ಬೇಲಿಯ ಪ್ರತಿ ಟಿಕ್ಕಿನ ಹಿಂದೆ ತಾಳ ತಪ್ಪಿದ ಇನ್ನೊಂದು ಪುಟ್ಟ ಟಿಕ್. ಬೇರೆ ಬ್ಯಾಂಡಿಗೆ ಹೋದರೆ ಪುಟ್ಟದ್ದು ಮಾಯ. ವಾಪಸು ಬಂದರೆ ಹಾಜರ್.

"ಗೋವಿಂದಣ್ಣ, ಆಂಟೆನಾ ಮೆಲ್ಲಗೆ ತಿರುಗ್ಸಿ. ಇನ್ನೂ... ನಿಲ್ಸಿ!"

ಆಂಟೆನಾದ ಮೂತಿ ದೊಡ್ಡಬೀರಯ್ಯನ ಬಾಳೆತೋಟದತ್ತ ನಿಂತಿತು. ಅದೂ ಬೇಲಿಯ ಒಳಗೇ!

"ಅಲ್ಲೇನದೆ ಮಣ್ಣು?" ಎಂದು ದೊಡ್ಡಬೀರಯ್ಯ ನಕ್ಕ.

ಅಷ್ಟರಲ್ಲಿ ಒಂದು ಬಾಳೆಗಿಡ ಗಾಳಿಯಿಲ್ಲದೆ ಮಲಗಿತು. ಪಕ್ಕದ್ದೂ ಮಲಗಿತು. ಸಂದಿಯಲ್ಲಿ ಕೊರಳಪಟ್ಟಿ ತೊಟ್ಟ ಮರಿತಾಯಮ್ಮ ತವರಿಗೆ ಬಂದ ಮಗಳಂತೆ ನಿರಾಳವಾಗಿ ಗೊನೆ ಮೆಲ್ಲುತ್ತಿದ್ದಳು. ಹಿಂದಿನ ಮೂಲೆಯಲ್ಲಿ ಒಣದಿಮ್ಮಿಯೊಂದನ್ನು ತಂತಿಯ ಮೇಲೆ ಕೆಡವಿ, ಅದರ ಮೇಲೆ ಕಾಲಿಟ್ಟು ಒಳಗೆ ಬಂದಿದ್ದಳು. ಬೇಲಿಯ ಪೆಟ್ಟಿಗೆ ಮಾತ್ರ ನಿಷ್ಠೆಯಿಂದ ಟಿಕ್ ಟಿಕ್ ಅನ್ನುತ್ತಲೇ ಇತ್ತು.

ಎಲ್ಲರೂ ಸದ್ದಿಲ್ಲದೆ ಹಿಂದೆ ಸರಿದು ಜೀಪು ಸೇರಿದರು. ಸುಧಾಕರ್ ಆನೆ ಅಟ್ಟುವ ತಂಡಕ್ಕೆ ಸುದ್ದಿ ಮುಟ್ಟಿಸಿ, ಬೆಂಕಿಪೊಟ್ಟಣವನ್ನು ತಾವೇ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ದೇವರ ಪಟದ ಪಕ್ಕ ಇಟ್ಟರು. ಅದಕ್ಕಿಂತ ದೊಡ್ಡ ಸನ್ಮಾನ ಆ ಜೀಪಿನಲ್ಲಿ ಇರಲಿಲ್ಲ.

ದೊಡ್ಡಬೀರಯ್ಯನಿಗೆ ಬಾಳೆ ಹೋದ ಸಂಕಟಕ್ಕಿಂತ ಮಾತು ಸೋತ ಸಂಕಟ ಜಾಸ್ತಿ. "ಏನೇ ಅನ್ನು ಕಣಮ್ಮಿ, ಮೊದ್ಲು ನಿನ್ ಡಬ್ಬಿ ನನ್ ಬೇಲೀನೇ ಆನೆ ಅನ್ಕಂಡ್ತು!"

"ಅದು ನಿಜ ಬೀರಣ್ಣ," ಎಂದಳು ರಂಜಿನಿ ಜೀಪು ಹತ್ತುತ್ತಾ. "ನನ್ ಡಬ್ಬಿ ನಿಮ್ ಬೇಲೀನ ಆನೆ ಅನ್ಕಂಡ್ತು. ಆದ್ರೆ ಆನೆ ಅದ್ನ ಬೇಲಿ ಅಂತಾನೂ ಅನ್ಕಳ್ನಿಲ್ವಲ್ಲ!"