ಎರಡು ದಿನ ಕಾವಿಗೆ ಕೂತವಳು

ರೈಲು ಹಳಿಯ ಪಕ್ಕದಲ್ಲಿ ತತ್ತಿ ಮರಿಯಾಗುವುದಿಲ್ಲ ಎಂದವನು ನನ್ನ ಅಪ್ಪ. "ಲೋಕಲ್ ಹೋದಾಗೊಮ್ಮಿ ಗ್ವಾಡಿ ನಡುಗ್ತದ ವೈನಿ. ಒಳಗಿಂದೆಲ್ಲ ಕಲಸಿ ನೀರಾಗ್ತದ." ಅವನ ಅತ್ತಿಗೆ, ನನ್ನ ದೊಡ್ಡವ್ವ, ಕೋಳಿಯ ಕೆಳಗಿನಿಂದ ತೆಗೆದ ತತ್ತಿಯನ್ನು ಮುಚ್ಚಿದ ಕಣ್ಣರೆಪ್ಪೆಗೆ ಒತ್ತಿಕೊಂಡು ಕೂತಿದ್ದಳು. ಕಾಂಕ್ರೀಟು ಹೊತ್ತು ಜಡ್ಡುಗಟ್ಟಿದ ಅವಳ ಬೆರಳಿಗೆ ಕಾವು ತಿಳಿಯುತ್ತಿರಲಿಲ್ಲ, ರೆಪ್ಪೆಗೆ ತಿಳಿಯುತ್ತಿತ್ತು.

ಕಲಬುರಗಿ ಕಡೆಯಿಂದ ಬಂದ ನಾವು ಮುಂಬೈ ಬಳಿಯ ವಿಠ್ಠಲವಾಡಿಯ ಚಾಳಿನಲ್ಲಿ ಅಕ್ಕಪಕ್ಕದ ಖೋಲಿಗಳಲ್ಲಿದ್ದೆವು. ಬಿ.ಎಸ್ಸಿ. ಕೊನೆಯ ವರ್ಷಕ್ಕೆ ನಾನು ಆರಿಸಿಕೊಂಡ ಪ್ರಾಜೆಕ್ಟ್, ಊರ ಪದ್ಧತಿಯಲ್ಲಿ ಮರಿ ಮಾಡಿಸುವುದು. ಅದಾಗಲೇ ಒಂದು ಸಲ ಫೇಲಾಗಿದ್ದೆ. ಕಾಲೇಜಿನ ಮೇಡಂ ಮರಿ ಕಣ್ಣಾರೆ ನೋಡದೆ ಅಂಕ ಕೊಡುವವರಲ್ಲ. ಈ ಸಲವೂ ಹೋದರೆ ಉಲ್ಲಾಸನಗರದ ಜೀನ್ಸ್ ಕಾರ್ಖಾನೆಯೇ ಗತಿ ಎಂದು ಅಪ್ಪ ಹೇಳಿಯಾಗಿತ್ತು.

ದೊಡ್ಡವ್ವ ಬುಟ್ಟಿಯ ತಳಕ್ಕೆ ಹೇನು ಹತ್ತದಂತೆ ಬೂದಿ ಹಾಕಿ, ಮೇಲೆ ಹುಲ್ಲು ಹಾಸಿ, ಒಂಬತ್ತು ತತ್ತಿ ಇಟ್ಟಿದ್ದಳು. ಬೆಸ ಸಂಖ್ಯೆಯೇ ಆಗಬೇಕು. ನಡುವೆ ಒಂದು ಕಬ್ಬಿಣದ ಮೊಳೆ. "ಮೊಳಿ, ಗುಡುಗಿಗಿ ತತ್ತಿ ಕೆಡಬಾರ್ದಂತ. ರೈಲಿಗಿ ಏನ್ ಇಡಬೇಕೋ ನನಗೂ ಗೊತ್ತಿಲ್ಲ" ಎಂದು ನಕ್ಕಿದ್ದಳು.

ಹತ್ತೊಂಬತ್ತನೆಯ ದಿನ ಬೆಕ್ಕು ಕೋಳಿಯನ್ನು ಹಿಡಿಯಿತು. ನಾನು ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟೆ.

"ಅಳಬ್ಯಾಡ. ಇನ್ನ ಎರಡ ದಿನ ಅದಾವ. ನಾನೇ ಕುಂದರ್ತೀನಿ."

ದೊಡ್ಡವ್ವ ಕೆಲಸಕ್ಕೆ ಹೋಗಲಿಲ್ಲ. ತತ್ತಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಿಗಿಟ್ಟುಕೊಂಡು ಕೌದಿ ಹೊದ್ದು ಕೂತಳು. ಆಗಾಗ ಒಂದೊಂದನ್ನೇ ರೆಪ್ಪೆಗೆ ಹಚ್ಚಿ ನೋಡುವಳು. ತಣ್ಣಗೆನಿಸಿದರೆ ಕೌದಿಯನ್ನು ಇನ್ನಷ್ಟು ಬಿಗಿದುಕೊಳ್ಳುವಳು.

ಅಪ್ಪ ಬಾಗಿಲಲ್ಲಿ ಇಣುಕಿದ. "ವೈನಿ, ಕಾಳು ಹಾಕ್ಲೇನು?"

"ಹಾಕು. ಮದ್ಲ ಚಾ ತಗೊಂಬಾ."

ಮೂರನೆಯ ಬೆಳಿಗ್ಗೆ ಒಂದು ತತ್ತಿಯನ್ನು ನನ್ನ ಕಿವಿಗೆ ಹಿಡಿದಳು. ಒಳಗೆ ಟಕ್ ಟಕ್. "ಈಗ ಕೈ ಹಚ್ಚಬ್ಯಾಡ. ತಾನೇ ಒಡಕೊಂಡು ಬರ್ಲಿ." ಸಂಜೆಯೊಳಗೆ ಏಳು ಮರಿ. ಅಪ್ಪ ಕುಕ್ಕರಗಾಲಲ್ಲಿ ಕೂತು ಎರಡೆರಡು ಸಲ ಎಣಿಸಿದ. ಮರುದಿನ ತಾನೇ ಬುಟ್ಟಿ ಹಿಡಿದು, ರಿಕ್ಷಾದಲ್ಲಿ ನನ್ನನ್ನು ಕಲ್ಯಾಣದ ಕಾಲೇಜಿಗೆ ಕರೆದೊಯ್ದ.

ಆ ವರ್ಷ ಪಾಸಾದೆ. ನಮ್ಮ ಮನೆತನದಲ್ಲೇ ಮೊದಲ ಪದವಿ. ಪ್ರಮಾಣಪತ್ರ ಬಂದ ದಿನ ಅದನ್ನು ಮೊದಲು ಕೊಟ್ಟದ್ದು ದೊಡ್ಡವ್ವನ ಕೈಗೆ. ಓದು ಬಾರದ ಅವಳು ಹಿಂದೆಮುಂದೆ ತಿರುಗಿಸಿ ನೋಡಿದಳು.

"ಇದನ್ನ ಯಾರರೆ ತಿರುಗಿ ಇಸ್ಕೊಂತಾರೇನು?"

"ಇಲ್ಲ ದೊಡ್ಡವ್ವ."

"ಹಂಗಾದ್ರ ಕುಂದ್ರು. ಇವತ್ತರೆ ಸಮಾಧಾನಲೆ ಉಣ್ಣು."