ಹಲಗೆಯ ಮೇಲಿನ ಕರಾರು

ಅಂಗಡಿಯವರ ಕಣ್ಣಿಗೆ ಅಜೀಮ ಎರಡನೇ ದರ್ಜೆಯ ಮಾಲು. ವಯಸ್ಸು ಐವತ್ತರ ಆಸುಪಾಸು, ಎಡಭುಜ ಒಂದಿಷ್ಟು ವಾಲಿದೆ, ಮಾತಿಗೆ ಪಾಲಿಶ್ ಇಲ್ಲ. ಭಾರ ಹೊರುವ ಬಾಬತ್ತಿಗೆ ಮಾತ್ರ ಕಣ್ಣುಮುಚ್ಚಿ ಗ್ಯಾರಂಟಿ ಕೊಡಬಹುದು.

ಅವನದು ಸೆಂಟ್ರಿಂಗ್ ಕೆಲಸ. ಸ್ಲ್ಯಾಬ್ ಬಲಿಯುವವರೆಗೆ ಅದನ್ನು ಹಲಗೆ, ಕಂಬಗಳ ಮೇಲೆ ಹೊತ್ತು ನಿಲ್ಲಿಸಬೇಕು. ಈ ಕಸುಬಿನವರು ಅಳತೆ, ದರ ಎಲ್ಲವನ್ನೂ ಹಲಗೆಯ ಮೇಲೆಯೇ ಬರೆಯುತ್ತಾರೆ. ಕಾಗದ ಜೇಬಿನ ಬೆವರಿಗೆ ಕರಗುತ್ತದೆ.

ಇರಕಲ್ಲಗಡದಲ್ಲಿ ಅಂಗನವಾಡಿ ಕಟ್ಟುವ ಗುತ್ತಿಗೆ ಹಿಡಿದಿದ್ದ ಪ್ರಭುರಾಜ, ಕೊಪ್ಪಳದ ಸಿಮೆಂಟ್ ಅಂಗಡಿಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಚದರಡಿಗೆ ನಲವತ್ತೆಂಟು ರೂಪಾಯಿಗೆ ಒಪ್ಪಿದ. ಅಜೀಮ ಆಗಷ್ಟೇ ಕೊಂಡ ಪ್ಲೈವುಡ್ಡಿನ ಮೇಲೆ ದರ ಬರೆದು ಪೆನ್ನು ಮುಂದೆ ಹಿಡಿದ.

"ಸಹಿ ಹಾಕ್ರಿ ಸಾವ್ಕಾರ್ರ."

"ಇವತ್ತ ಹಲಗಿಗೆ ಕೇಳ್ತಿ, ನಾಳೆ ಗ್ವಾಡಿಗೂ ಕೇಳ್ತಿಯಲೇ," ಎಂದು ನಗುತ್ತ ಪ್ರಭುರಾಜ ಗೀಚಿದ. ಅಂಗಡಿಯವನೂ ನಕ್ಕ.

ಸ್ಲ್ಯಾಬ್ ಹಾಕುವ ದಿನ ಒಂದು ಹಲಗೆ ಕಡಿಮೆ ಬಿತ್ತು. ಅವಸರದಲ್ಲಿ ಅಜೀಮ ಕರಾರಿನ ಹಲಗೆಗೇ ಎಣ್ಣೆ ಸವರಿ, ಬರಹ ಮೇಲ್ಮುಖವಾಗಿ ಇಟ್ಟು ಮೊಳೆ ಹೊಡೆದ. ಮೇಲೆ ಕಾಂಕ್ರೀಟ್ ಬಿತ್ತು. ನೆನಪಾದದ್ದು ಸಂಜೆ, ಕೈ ತೊಳೆಯುವಾಗ.

ವಾರದ ಮೇಲೆ ದುಡ್ಡು ಕೇಳಲು ಹೋದರೆ ಪ್ರಭುರಾಜನ ಮಾತು ಬದಲಾಗಿತ್ತು. "ನಾ ಅಂದಿದ್ದು ಮೂವತ್ತೆಂಟು. ಕರಾರು ಇದ್ರ ತಂದ್ ತೋರ್ಸು."

"ನಿಮ್ಮ ಸ್ಲ್ಯಾಬಿನ ಬುಡಕ ಐತ್ರಿ."

"ಹಂಗಾರ ಅಲ್ಲೇ ಇರ್ಲಿ ಬಿಡು."

ಜೊತೆಗಾರ ದುರುಗಪ್ಪನಿಗೆ ತಡೆಯಲಿಲ್ಲ. "ಅದೊಂದು ಹಲಗಿ ಕಿತ್ತುಬಿಡೂನು, ಅಣ್ಣ. ಬರಹ ಅರ್ಧ ಉಳಿದಿದ್ರೂ ಸಾಕು."

"ಅದರ ಕೆಳಗ ಕೂಸುಗಳು ಕುಂದರ್ತಾವಲೇ. ನಾಳೆ ಸ್ಲ್ಯಾಬ್ ಜೋತುಬಿದ್ರ ಯಾರ ಸಹಿ ತೋರಸ್ಲಿ?"

ಸ್ಲ್ಯಾಬ್ ಬಲಿಯಲೆಂದು ಇಪ್ಪತ್ತೊಂದು ದಿನ ಕಾದ. ಹಲಗೆಗಳೆಲ್ಲ ಅಲ್ಲೇ ಸಿಕ್ಕಿಕೊಂಡು ಕುಷ್ಟಗಿಯಲ್ಲಿ ಅವನು ಒಪ್ಪಿಕೊಂಡಿದ್ದ ಮುಂದಿನ ಕೆಲಸ ಬೇರೆಯವರ ಪಾಲಾಯಿತು. ಕೊನೆಗೆ ಕಳಚಿದಾಗ ಕರಾರಿನ ಹಲಗೆಯ ಮೇಲೆ ಉಳಿದದ್ದು ಎಣ್ಣೆ, ಸಿಮೆಂಟಿನ ಹಾಲು, ಅಂಗೈಯಗಲದ ಒಂದು ನೀಲಿ ಕಲೆ.

ಅದನ್ನೇ ಹೊತ್ತುಕೊಂಡು ಅಂಗಡಿಗೆ ಬಂದ. ಪ್ರಭುರಾಜ ಅಲ್ಲಿಯೇ ಕುಳಿತಿದ್ದ. ಮುಂದಿನ ಕೆಲಸಕ್ಕೆ ಇನ್ನೂರು ಚೀಲ ಸಿಮೆಂಟ್ ಹೇಳುತ್ತಿದ್ದ.

"ಸೇಠ್, ನೀವರ ಹೇಳ್ರಿ. ಅವತ್ತ ಇಲ್ಲೇ ಇದ್ರಲ್ಲ. ಎಷ್ಟಂದ್ರು ಇವ್ರು?"

ಅಂಗಡಿಯವನು ಒಮ್ಮೆ ಹಲಗೆ ನೋಡಿದ, ಒಮ್ಮೆ ಇನ್ನೂರು ಚೀಲದ ಗಿರಾಕಿಯನ್ನು ನೋಡಿದ. "ಗಿರಾಕಿ ಗದ್ದಲದಾಗ ಸರಿ ಕೇಳಿಸಿಲ್ಲೋ ಅಜೀಮ," ಎಂದ.

ಅಜೀಮ ತಕರಾರು ಮಾಡಲಿಲ್ಲ. ತಕರಾರಿಗೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. "ಇರ್ಲಿ ಬಿಡ್ರಿ," ಎಂದವನೇ ಮೂವತ್ತೆಂಟರ ಲೆಕ್ಕದಲ್ಲಿ ಬಂದದ್ದನ್ನು ತಗೊಂಡ. ಅದರಲ್ಲೇ ದುರುಗಪ್ಪನ ಕೂಲಿ ಪೂರ್ತಿ ಕೊಟ್ಟ. ಒಂದು ಕಿಲೋ ಮೊಳೆ ಕೊಂಡ, ಅದೂ ನಗದು. ಹಲಗೆಯನ್ನು ಎಡಭುಜಕ್ಕೆ ಏರಿಸಿಕೊಂಡು ನಡೆದ.

ಆ ಅಂಗಡಿಯವನು ನಾನು. ನಲವತ್ತೆಂಟು ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಅಜೀಮನಿಗೆ ನಾನು ಒಂದು ಸಾಕ್ಷಿ ಬಾಕಿ ಉಳಿಸಿಕೊಂಡಿದ್ದೇನೆ.