ಗೋಂದಣ್ಣನ ಸ್ಪೀಕರು

ಬೆಳಿಗ್ಗೆ ಮುಖ ತೊಳೆದ ಮೇಲೆ ಗೋಂದಣ್ಣ ಮೊದಲು ಮಾಡುವ ಕೆಲಸ ಒಂದೇ. ಅಕ್ಕನ ಹೊಲಿಗೆ ಮಿಷನ್ನಿಗೆ ಎರಡು ಹನಿ ಎಣ್ಣೆ ಬಿಟ್ಟು, ಚಕ್ರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸುವುದು. ಸೂಜಿಯಲ್ಲಿ ದಾರವಿಲ್ಲ, ಕೆಳಗೆ ಬಟ್ಟೆಯಿಲ್ಲ. ಆದರೂ ಜ್ವರ ಬಂದು ಮಲಗಿದ ದಿನವೂ ಅವನು ಇದನ್ನು ತಪ್ಪಿಸಿದವನಲ್ಲ. ಅಕ್ಕ ತೀರಿಹೋಗಿ ಮೂರು ವರ್ಷವಾಗಿತ್ತು.

ಅವನು ಪುಸ್ತಕಗಳಿಗೆ ಬೈಂಡ್ ಹಾಕುವವನು. ಬೆರಳ ಸಂದಿಯಲ್ಲಿ ಸದಾ ಗೋಂದು ಒಣಗಿರುತ್ತಿದ್ದುದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಅಪ್ಪ ಅಮ್ಮ ಇಲ್ಲವಾದಾಗ ಅವನಿಗೆ ಒಂಬತ್ತು, ಅಕ್ಕನಿಗೆ ಹತ್ತೊಂಬತ್ತು. ಅವಳು ಕಂಡವರ ಬಟ್ಟೆ ಹೊಲಿದು ಅವನನ್ನು ಸಾಕಿದಳು. ಆಮೇಲೆ ಇಬ್ಬರೂ ಮದುವೆಯ ಮಾತೆತ್ತದೆ, ಒಂದೇ ಕೋಣೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತು ನಲವತ್ತು ವರ್ಷ ದುಡಿದರು. ಅವನು ಈಗಲೂ ಹಾಗೇ ಕೂರುತ್ತಾನೆ. ತಿರುಗಿದರೆ ಕುರ್ಚಿ ಖಾಲಿ ಎಂದು ಗೊತ್ತಾಗಿಬಿಡುತ್ತದಲ್ಲ.

ಅಕ್ಕ ಹೊಲಿಯುವಾಗ ಗುನುಗುತ್ತಿದ್ದಳು. ಮಿಷನ್ ಓಡುವಷ್ಟು ಹೊತ್ತು ಮಾತ್ರ. ಕಾಲು ನಿಂತರೆ ಬಾಯಿಯೂ ನಿಲ್ಲುತ್ತಿತ್ತು.

"ಯಾಕಕ್ಕ ನಿಲ್ಲಿಸ್ಬಿಟ್ಟೆ? ಹಾಡು."

"ನಾನೆಲ್ಲಿ ಹಾಡ್ದೆ? ನಿನ್ನ ಕಿವಿಗೂ ಗೋಂದು ಹೋಗಿರ್ಬೇಕು."

ಎಷ್ಟು ಕಾಡಿದರೂ ಇಷ್ಟೇ. ಆ ಗುನುಗು ಅವಳಿಗೂ ದೇವರಿಗೂ ನಡುವಿನದು. ಮೂರನೆಯವರಿಗೆ ಅಲ್ಲಿ ಜಾಗವಿರಲಿಲ್ಲ.

ಪುಸ್ತಕದ ಬೆನ್ನಿಗೆ ಅಂಟಿಸುವ ಹೆಸರಿನ ಚೀಟಿ ಮುದ್ರಿಸಲು ಅವನ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇತ್ತು. ಗೋಂದಿನ ಕೈಯಲ್ಲಿ ಕೀಬೋರ್ಡ್ ಮುಟ್ಟುವ ಹಾಗಿಲ್ಲ. ಹಾಗಾಗಿ ಕೆಲಸಕ್ಕೆ ಕೂರುವ ಮೊದಲೇ ರೆಕಾರ್ಡಿಂಗ್ ಹಾಕಿಟ್ಟು, ಪುಸ್ತಕಗಳ ಹೆಸರನ್ನು ಮೈಕಿಗೆ ಓದಿ, ಕೈ ತೊಳೆದ ಮೇಲೆ ಕೇಳಿಕೊಂಡು ಟೈಪು ಮಾಡುತ್ತಿದ್ದ. ಅಕ್ಕ ಇದ್ದಾಗ ಒಂದು ದಿನ ಓದು ಮುಗಿಸಿ, ಕೈ ತೊಳೆದು ಬಂದು ನಿಲ್ಲಿಸೋಣ ಎಂದು ಎದ್ದವನು ಮರೆತೇಬಿಟ್ಟ. ಹನ್ನೊಂದು ನಿಮಿಷ ಅಕ್ಕನ ಮಿಷನ್ ಓಡಿದ್ದು ಅದರಲ್ಲಿ ಉಳಿದುಕೊಂಡಿತು. ಬೇಡಲು ನಮಗೆ ತಿಳಿಯದಿದ್ದಾಗ ದೇವರು ನಮ್ಮ ಮರೆವಿನ ಕೈಯಿಂದಲೇ ಕೊಡಿಸುತ್ತಾನೆ.

ಆದರೆ ಕೇಳುತ್ತಿದ್ದುದು ಬರೀ ಟಕಟಕ. ಬೆಂಕಿಪೊಟ್ಟಣದಷ್ಟಿದ್ದ ಹಳೆಯ ಸ್ಪೀಕರಿಗೆ ಕಿವಿ ಒತ್ತಿದರೂ ಅಷ್ಟೆ. ಅಡಿಯಲ್ಲಿ ಗುನುಗು ಇದೆಯೋ, ಅವತ್ತು ಅಕ್ಕ ಸುಮ್ಮನೆ ಹೊಲಿದಳೋ? ಇಲ್ಲವೆಂದಾದರೆ ಅವಳ ದನಿ ಲೋಕದಲ್ಲಿ ಎಲ್ಲೂ ಉಳಿದಿಲ್ಲ. ಆ ಹೆದರಿಕೆಗೇ ಅವನು ಒಳ್ಳೆಯ ಸ್ಪೀಕರ್ ಕೊಳ್ಳುವುದನ್ನು ಮೂರು ವರ್ಷ ಮುಂದೂಡಿದ್ದ. ಹಳೆಯದರ ಒಂದು ಪಕ್ಕ ಪೂರಾ ಮೂಕವಾದಾಗ ಬೇರೆ ದಾರಿಯಿಲ್ಲದೆ, ಆ ಹನ್ನೊಂದು ನಿಮಿಷವನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಅಂಗಡಿಗೆ ಹೊರಟ.

ಅಂಗಡಿಯಾಕೆ ಮಾತಿನ ಮಲ್ಲಿ. "ಬನ್ನಿ ಅಣ್ಣ. ಮನೆಗೆ ಕೇಳಿಸಿದ್ರೆ ಸಾಕಾ, ಬೀದಿಗೂ ಕೇಳಿಸ್ಬೇಕಾ?"

"ನನಗೊಬ್ಬನಿಗೆ ಕೇಳಿಸಿದ್ರೆ ಸಾಕಮ್ಮ."

ಅವಳು ದೊಡ್ಡ ಜೋಡಿಯೊಂದನ್ನು ಮುಂದಿಟ್ಟು ಹಾಡು ಹಾಕಿದಳು. ಗಾಜಿನ ಬಾಗಿಲು ಅದುರಿತು. "ಹೇಗೆ, ಎದೆಗೆ ಗುದ್ದಿದ ಹಾಗಿಲ್ವಾ?"

"ಗುದ್ದಿಸ್ಕೊಳ್ಳೋಕೂ ದುಡ್ಡು ಕೊಡ್ಬೇಕಾ?" ಎಂದು ಅವನು ಡಬ್ಬವನ್ನು ಬೆರಳ ಗೆಣ್ಣಿನಿಂದ ತಟ್ಟಿದ, ರಟ್ಟು ಆರಿಸುವಾಗ ತಟ್ಟುವಂತೆ. ಟೊಳ್ಳು. ಅಂಚನ್ನು ಉಗುರಿನಲ್ಲಿ ಮೀಟಿ ನೋಡಿದ. "ಇದು ಮರ ಅಲ್ಲಮ್ಮ, ಮರದ ಗೆರೆ ಇರೋ ಕಾಗದ. ನಾನು ದಿನಾ ಅಂಟಿಸೋದು ಇದನ್ನೇ."

"ನಿಮ್ಮಂಥೋರು ಇನ್ನೊಬ್ರು ಬಂದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕಷ್ಟೆ."

ಹೊರಗೆ ಥಳಕು, ಒಳಗೆ ಹುಳುಕು ಎಂದು ನಾಲ್ಕು ಜೋಡಿಗಳು ಪಕ್ಕಕ್ಕೆ ಸರಿದವು. ಉಳಿದವಕ್ಕೆ ಹಾಡು ಹಾಕದೆ ಬರೀ ಸ್ವಿಚ್ ಒತ್ತಿ ಎಂದ. ಎರಡು ತಾವಾಗಿಯೇ ಗುಂಯ್ ಎಂದವು.

"ಕೆಲಸ ಇಲ್ಲದಾಗ ಬಾಯಿ ಮುಚ್ಕೊಂಡಿರ್ಬೇಕು" ಎಂದ.

"ಸ್ಪೀಕರಿಗೆ ಹೇಳಿದ್ರೋ, ನನಗೋ?"

ಕೊನೆಗೆ ಉಳಿದದ್ದು ಬಣ್ಣದ ದೀಪವಾಗಲಿ ಬೆಡಗಾಗಲಿ ಇಲ್ಲದ ಒಂದು ಕಪ್ಪು ಜೋಡಿ. ಎತ್ತಿದರೆ ಕೈ ಜಗ್ಗುವಷ್ಟು ಭಾರ, ತಟ್ಟಿದರೆ ಗಟ್ಟಿ. ಅವನು ಪೆನ್ ಡ್ರೈವ್ ಕೊಟ್ಟ.

"ಇದ್ರಲ್ಲಿ ಹಾಡೇ ಇಲ್ವಲ್ಲ ಅಣ್ಣ, ಏನೋ ಮಿಷನ್ನು."

"ಇರ್ಲಿ. ಸಣ್ಣಗೆ ಇಡಿ."

ಮೊದಲು ಟಕಟಕ. ಅದರ ಹಿಂದೆ ಕಾಲುಹಲಗೆಯ ಕೀರಲು ದನಿ. ಅದನ್ನು ಅವನು ಮರೆತೇಬಿಟ್ಟಿದ್ದ. ಬಟ್ಟೆ ಎರಡು ಪದರವಾದ ಕಡೆ ಸೂಜಿಯ ಸದ್ದು ದಪ್ಪಗಾಗುವುದೂ ತಿಳಿಯುತ್ತಿತ್ತು. ನಾಲ್ಕು ನಿಮಿಷ ಕಳೆಯಿತು. ಐದು. ಬೇರೇನೂ ಇಲ್ಲ. ಸಾಕು, ನಿಲ್ಲಿಸಿ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಒಂದು ಉದ್ದನೆಯ ಹೊಲಿಗೆ ಶುರುವಾಯಿತು. ಟಕಟಕದ ಅಡಿಯಿಂದ ನೂಲಿನೆಳೆಯಂಥ ದನಿಯೊಂದು ಎದ್ದು, ಸ್ವಲ್ಪ ಏರಿ, ಅಲ್ಲೇ ತುಸು ನಡುಗಿ, ಇಳಿಯಿತು. ಮತ್ತೆ ಏರಿತು. ಅಂಚು ಮುಗಿದು ಕಾಲು ನಿಂತಿತು. ದನಿಯೂ ನಿಂತಿತು.

ಅವನು ಅಂಗಡಿಯ ಮೇಜಿನ ಅಂಚು ಹಿಡಿದುಕೊಂಡಿದ್ದ.

"ಯಾರಣ್ಣ?" ಅಂಗಡಿಯಾಕೆ ಮೆಲ್ಲಗೆ ಕೇಳಿದಳು.

"ನಮ್ಮಕ್ಕ."

ಅವಳು ಪೆನ್ ಡ್ರೈವನ್ನು ಅವನ ಮುಂದಿಟ್ಟು, ಸ್ಪೀಕರುಗಳನ್ನು ಡಬ್ಬದಲ್ಲಿಟ್ಟು ಕಟ್ಟಿದಳು. ಆಮೇಲೆ ಹೇಳಿದಳು: "ಅಣ್ಣ, ನಮ್ಮನೆಯವರು ರೆಕಾರ್ಡಿಂಗ್ ಕೆಲಸ ಮಾಡೋರು. ಆ ಮಿಷನ್ ಸದ್ದನ್ನೆಲ್ಲ ತೆಗೆದು ಬರೀ ಅಕ್ಕನ ದನಿ ಉಳಿಸಿ ಕೊಡ್ತಾರೆ. ದುಡ್ಡೇನೂ ಬೇಡ. ಒಂದು ಗಂಟೆ ಕೂತ್ಕೊಳ್ಳಿ, ಆಗೋಗುತ್ತೆ."

ಬರೀ ಅಕ್ಕನ ದನಿ. ಅವನ ಕೈ ಪೆನ್ ಡ್ರೈವನ್ನು ಅವಳ ಕಡೆ ತಳ್ಳಲು ಹೋಗಿ, ಅಲ್ಲೇ ನಿಂತಿತು.

"ಬೇಡಮ್ಮ" ಎಂದು ಅದನ್ನು ಅಂಗಿ ಜೇಬಿಗೆ ಹಾಕಿಕೊಂಡ. "ಮಿಷನ್ ನಿಂತ್ರೆ ಅವಳು ಹಾಡಲ್ಲ."